ಹಾಳೆಯ ಆ ತುದಿ

ನಮ್ಮ ಕಾರ್ಖಾನೆಯಲ್ಲಿ ಮರದ ದಿಮ್ಮಿಯನ್ನು ಗಿರ್ರನೆ ತಿರುಗಿಸಿ, ಈರುಳ್ಳಿ ಸಿಪ್ಪೆ ಬಿಡಿಸಿದ ಹಾಗೆ ತೆಳ್ಳನೆಯ ಹಾಳೆ ಎಬ್ಬಿಸುತ್ತಾರೆ. ವೆನೀರ್ ಅಂತ ಅದರ ಹೆಸರು. ನಾವೆಲ್ಲ ಹಾಳೆ ಅಂತಲೇ ಕರೆಯುವುದು. ಅದನ್ನು ಒಣಗಿಸಿ, ಒಂದರ ಮೇಲೊಂದು ಅಂಟಿಸಿ, ಒತ್ತಿದರೆ ಪ್ಲೈವುಡ್ಡು. ಆದರೆ ಅಂಟಿಸುವುದಕ್ಕೆ ಮುಂಚೆ ಯಾವುದು ಮುಖಕ್ಕೆ ಬರುವಂಥದ್ದು, ಯಾವುದು ಒಳಗೆ ಅಡಗಿ ಕೂರುವಂಥದ್ದು, ಯಾವುದು ಏನಕ್ಕೂ ಬಾರದ್ದು ಅಂತ ಬೇರೆ ಮಾಡಬೇಕು. ಆ ಕೆಲಸ ನನ್ನದು. ನನ್ನದು ಅಂದರೆ ಇಬ್ಬರದು. ಹಾಳೆ ಆಳಿಗಿಂತ ಉದ್ದ. ಒಬ್ಬರ ಕೈಗೆ ಸಿಕ್ಕರೆ ಮುರಿದೇ ಹೋಗುತ್ತದೆ. ಈ ತುದಿಗೊಬ್ಬರು, ಆ ತುದಿಗೊಬ್ಬರು ನಿಂತು ಒಟ್ಟಿಗೆ ಎತ್ತಬೇಕು, ಗಾಳಿಯಲ್ಲಿ ತೇಲಿಸಬೇಕು, ಒಟ್ಟಿಗೇ ಬಿಡಬೇಕು. ಒಬ್ಬರು ಒಂಚೂರು ಮೊದಲು ಬಿಟ್ಟರೂ ನಡುವೆ ಪರ್ರನೆ ಸೀಳುತ್ತದೆ.

ಈ ತುದಿಯಲ್ಲಿ ನಾನು. ಆ ತುದಿಯಲ್ಲಿ ನನ್ನ ಓರಗಿತ್ತಿ, ಅಂದರೆ ನನ್ನ ಮೈದುನನ ಹೆಂಡತಿ. ಕಾರ್ಖಾನೆಯಲ್ಲಿ ಎಲ್ಲರಿಗೂ ನಾನು ದೊಡ್ಡಮ್ಮ, ಅವಳು ಚಿಕ್ಕಮ್ಮ.

ನಾವಿಬ್ಬರೂ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಜಗಳ ನಮ್ಮದಲ್ಲ. ನಮ್ಮ ಯಜಮಾನರೂ ಮೈದುನನೂ ಸೇರಿ ಒಂದು ಸೈಕಲ್ಲು ತೆಗೆದುಕೊಂಡಿದ್ದರು. ಒಂದು ದಿನ ಅದರ ಮುಂದಿನ ಚಕ್ರ ಸೊಟ್ಟಗಾಯಿತು. ನೀನು ಗುಂಡಿಗೆ ಇಳಿಸಿದೆ ಅಂತ ಅಣ್ಣ, ನೀನು ಮೂಟೆ ಹೇರಿದೆ ಅಂತ ತಮ್ಮ. ಮಾತಿಗೆ ಮಾತು ಬೆಳೆದು, ಎಂದೋ ಸತ್ತ ಅಪ್ಪನ ಹೆಸರೆಲ್ಲ ಎಳೆದು, ಕೊನೆಗೆ ಮನೆಯ ನಡುವೆ ಗೋಡೆ ಎದ್ದಿತು. "ಇವತ್ತಿಂದ ಆ ಕಡೆಯವರ ಹತ್ರ ತುಟಿ ಬಿಚ್ಚಿದ್ರೆ ನೋಡು" ಅಂದರು ನಮ್ಮವರು. ಗೋಡೆಯಾಚೆಯೂ ಅದೇ ಮಾತು ಆಗಿರಬೇಕು. ಗಂಡಸರ ಬಿಸಿ, ನಾಲ್ಕು ದಿನಕ್ಕೆ ಆರುತ್ತದೆ ಅಂದುಕೊಂಡು ನಾವಿಬ್ಬರೂ ಸುಮ್ಮನಾದೆವು. ಆರಲಿಲ್ಲ. ಮೊದಲು ಅಣ್ಣ ಹೋದರು, ಹಿಂದೆಯೇ ತಮ್ಮನೂ ಹೋದ. ಸೈಕಲ್ಲು ಯಾವ ಗುಜರಿಗೆ ಸೇರಿತೋ. ಜಗಳ ಮಾತ್ರ ನಮ್ಮ ಪಾಲಿಗೆ ಉಳಿಯಿತು. ಮಾತಾಡಬೇಡಿ ಅಂದವರೇ ಇಲ್ಲ. ಇನ್ನು ಆಡಿ ಅನ್ನುವವರು ಯಾರು? ದೊಡ್ಡವಳು, ಅವಳೇ ಶುರುಮಾಡಲಿ ಅಂತ ಅವಳು ಕಾದಿರಬೇಕು. ನನ್ನದು ಮೊದಲಿನಿಂದಲೂ ಮೂಗಬಸವಿಯ ಜಾತಕ, ಅವಳದು ಪಟಪಟ ಬಾಯಿ. ಅವಳೇ ಶುರುಮಾಡಲಿ ಅಂತ ನಾನು ಕಾದೆ.

ಅವಳ ಮಗಳು ಚಿಕ್ಕವಳಿದ್ದಾಗ ಗೋಡೆಯ ಎರಡೂ ಕಡೆ ಓಡಾಡುತ್ತಿದ್ದಳು. ಒಂದು ಸಲ ನಾನು ಜ್ವರ ಬಂದು ಮಲಗಿದ್ದಾಗ ಬಂದಳು. "ದೊಡ್ಡಮ್ಮಾ, ಜ್ವರ ಹೇಗಿದೆ ಅಂತ ಕೇಳ್ಕೊಂಡು ಬಾ ಅಂದ್ಲು ಅಮ್ಮ. ಅಮ್ಮ ಕೇಳಿದ್ಲು ಅಂತ ಮಾತ್ರ ಹೇಳ್ಬೇಡ ಅಂದ್ಲು" ಅಂದಳು. ಆ ಮಗು ದೊಡ್ಡದಾಗಿ, ಮದುವೆಯಾಗಿ, ದೂರ ಹೋದ ಮೇಲೆ ಆ ದಾರಿಯೂ ಮುಚ್ಚಿತು. ನನಗೆ ಮಕ್ಕಳಿಲ್ಲ.

ಹಾಗಂತ ನಾನು ಒಂಟಿ ಅಂತ ಆಗ ನನಗೆ ಅನಿಸಿರಲಿಲ್ಲ. ಬೆಳಗಿನಿಂದ ಸಂಜೆಯ ತನಕ ಒಂದೇ ಹಾಳೆಯನ್ನು ಹಿಡಿದವರು ನಾವು. ನನ್ನ ಕಡೆ ಗಂಟಿದ್ದರೆ ನಾನು ಸಣ್ಣಗೆ ಒಮ್ಮೆ ಜಗ್ಗುತ್ತಿದ್ದೆ. ಅವಳ ಕಡೆ ಸೀಳಿದ್ದರೆ ಅವಳು ಕೆಳಕ್ಕೆ ಒತ್ತುತ್ತಿದ್ದಳು. ಯಾರೂ ಕಲಿಸಿದ್ದಲ್ಲ, ಕೈಗೆ ಕೈ ಹೇಳಿಕೊಟ್ಟದ್ದು. ಆಮೇಲಾಮೇಲೆ ಮರದ ವಿಷಯ ಬಿಟ್ಟು ಬೇರೆಯದೂ ಹಾಳೆಯ ಮೇಲೆ ಬರತೊಡಗಿತು. ಅವಳಿಗೆ ರಾತ್ರಿ ನಿದ್ದೆ ಇಲ್ಲದಿದ್ದರೆ ಬೆಳಗಿನ ಮೊದಲ ಹಾಳೆಯಲ್ಲೇ ನನಗೆ ತಿಳಿಯುತ್ತಿತ್ತು. ಮಗಳಿಗೆ ಗಂಡು ಗೊತ್ತಾದ ದಿನ ಹಾಳೆಗಳು ಹಕ್ಕಿಯಂತೆ ಹಾರಿದವು. ಮಗಳು ಗಂಡನ ಮನೆಗೆ ಹೊರಟ ಮಾರನೆಯ ದಿನ, ಡ್ರೈಯರಿನಿಂದ ಬಿಸಿಬಿಸಿಯಾಗಿ ಬಂದ ಒಣ ಹಾಳೆ ಅವಳ ಕೈಯಲ್ಲಿ ನೆನೆದ ಕಂಬಳಿಯಂತೆ ಭಾರವಾಗಿತ್ತು. ಅವತ್ತು ನನ್ನ ಕಡೆಯಿಂದ ಸ್ವಲ್ಪ ಹೆಚ್ಚಿಗೆ ಎತ್ತಿದೆ. ಅವಳಿಗೂ ಗೊತ್ತಾಗಿರಬೇಕು.

"ಅಲ್ಲಿ ನೋಡ್ರಪ್ಪ, ಆ ಮೇಜಿನ ಗಂಡ-ಹೆಂಡ್ತಿ ದಿನವಿಡೀ ಮಾತಾಡ್ಕೊಂಡು ದಿನವಿಡೀ ಹಾಳೆ ಹರೀತಾರೆ. ಇವರಿಬ್ರೂ ಮುಖಕ್ಕೆ ಮುಖ ಕೊಡಲ್ಲ, ಒಂದು ಹಾಳೆ ಹರಿಯಲ್ಲ" ಅನ್ನುತ್ತಿದ್ದ ಮೇಸ್ತ್ರಿ. "ನಾನೂ ಇವತ್ತಿಂದ ಮನೇಲಿ ಮಾತು ಬಿಡ್ತೀನಿ, ಸಂಸಾರ ನೆಟ್ಟಗಾದ್ರೂ ಆಗ್ಲಿ."

ಆಮೇಲೆ ಯಂತ್ರ ಬಂತು.

ಶೆಡ್ಡಿನ ಈ ಗೋಡೆಯಿಂದ ಆ ಗೋಡೆಯ ತನಕ ಉದ್ದದ ಬೆಲ್ಟು. ನಡುವೆ ಗಾಜಿನ ಗೂಡು, ಒಳಗೆ ಕಣ್ಣು ಕುಕ್ಕುವ ದೀಪ, ದೀಪದ ಪಕ್ಕ ಕ್ಯಾಮೆರಾ. ಹಾಳೆ ಅದರಡಿ ಹಾದುಹೋಗುವಷ್ಟರಲ್ಲಿ ಗಂಟು, ಸೀಳು, ತೂತು, ಕಲೆ ಎಲ್ಲ ನೋಡಿ ಮುಗಿದಿರುತ್ತದೆ. ಮುಂದೆ ಮೇಲಿನಿಂದ ರಬ್ಬರಿನ ಬಟ್ಟಲುಗಳು ಸಾಲಾಗಿ ಇಳಿದು, ಹಾಳೆಯನ್ನು ಉಸಿರೆಳೆದು ಕಚ್ಚಿಕೊಂಡು, ಅದರದರ ಖಾನೆಗೆ ಒಯ್ದು ಬಿಡುತ್ತವೆ. ಬಿಡುವಾಗ ಉಸ್ ಅನ್ನುತ್ತವೆ. ಅದರ ಜೊತೆಗೆ ಬಂದ ಫಿಟ್ಟರು ಹೊಟ್ಟೆ ಬಿಟ್ಟ ಮನುಷ್ಯ. ಮಗುವಿಗೆ ಎಣ್ಣೆ ತಿಕ್ಕುವ ಹಾಗೆ ಯಂತ್ರಕ್ಕೆ ಎಣ್ಣೆ ಹಾಕುತ್ತಿದ್ದ.

ನಮ್ಮ ಮೇಜನ್ನು ಹೊರಗೆ ಒಯ್ದರು. "ದೊಡ್ಡಮ್ಮ ಇದರ ಬಾಯಿಗೆ, ಚಿಕ್ಕಮ್ಮ ಬಾಲಕ್ಕೆ" ಅಂದ ಮೇಸ್ತ್ರಿ. ಬಾಯಿಯ ಹತ್ತಿರ ನನ್ನ ಕೆಲಸ ಅಂದರೆ ಬೆಲ್ಟಿನ ಮೇಲೆ ಸೊಟ್ಟಗೆ ಬಿದ್ದ ಹಾಳೆಯನ್ನು ಕೋಲಿನಿಂದ ನೆಟ್ಟಗೆ ಮಾಡುವುದು. ಬಾಲದ ಕೊನೆಯಲ್ಲಿ ರಿಜೆಕ್ಟಿನ ಖಾನೆ. ಯಂತ್ರ ಬೇಡ ಅಂದದ್ದನ್ನು ಅವಳು ಇನ್ನೊಮ್ಮೆ ನೋಡಿ, ಅದರಲ್ಲಿ ಒಳ್ಳೆಯದಿದ್ದರೆ ಎತ್ತದೆ ಹಾಗೇ ಪಕ್ಕದ ತಳ್ಳುಗಾಡಿಗೆ ಜಾರಿಸಬೇಕು, ಉಳಿದದ್ದು ಬಾಯ್ಲರಿನ ಉರಿಗೆ.

ಕೈನೋವು ಹೋಯಿತು, ಬೆನ್ನುನೋವು ಹೋಯಿತು. ಎಲ್ಲರೂ ಪುಣ್ಯವಂತೆ ಅಂದರು. ನಾನು ಹೂಂ ಅಂದೆ.

ಆದರೆ ನನ್ನ ಕೈಯಲ್ಲಿದ್ದದ್ದು ಕೋಲು. ಕೋಲಿನ ಆ ತುದಿಯಲ್ಲಿ ಯಾರೂ ಇರಲಿಲ್ಲ. ಅವಳು ಅಷ್ಟು ದೂರದಲ್ಲಿ ಒಂದು ನೀಲಿ ಸೆರಗಿನಷ್ಟು ಮಾತ್ರ ಕಾಣುತ್ತಿದ್ದಳು. ಅವಳಿಗೆ ನಿದ್ದೆ ಬಂದಿತ್ತೋ ಇಲ್ಲವೋ, ಮಗಳ ಕಡೆಯಿಂದ ಸುದ್ದಿ ಬಂತೋ ಇಲ್ಲವೋ, ಒಂದೂ ತಿಳಿಯದು. ಸಂಜೆ ಒಬ್ಬಳಿಗೇ ಬೇಯಿಸಿಕೊಂಡು ಕೂತರೆ ಗೋಡೆಯಾಚೆ ಅವಳು ಪಾತ್ರೆ ತೊಳೆಯುವ ಸದ್ದು. ಮೊದಲು ಆ ಸದ್ದು ನನ್ನ ಕಿವಿಗೆ ಬಿದ್ದದ್ದೇ ಇಲ್ಲ. ಹಗಲೆಲ್ಲ ಜೊತೆಗಿದ್ದವಳ ಪಾತ್ರೆಯ ಸದ್ದಿಗೆ ಯಾರು ಕಿವಿ ಕೊಡುತ್ತಾರೆ? ಈಗ ತುತ್ತು ಕೈಯಲ್ಲಿ ಹಿಡಿದು ಅದನ್ನೇ ಕೇಳುತ್ತ ಕೂತಿರುತ್ತಿದ್ದೆ. ಸದ್ದು ನಿಲ್ಲುವಷ್ಟರಲ್ಲಿ ತುತ್ತು ಆರಿರುತ್ತಿತ್ತು.

ಮೊದಲನೆಯ ಸಲ ಆದದ್ದು ನಿಜಕ್ಕೂ ತಪ್ಪಿಯೇ. ಹಳೆಯ ಮೇಜಿನಲ್ಲಿ ಹುಳುಕು ಕಂಡಲ್ಲಿ ಸೀಮೆಸುಣ್ಣದಿಂದ ಒಂದು ಗುರುತು ಎಳೆಯುವುದು ನಮ್ಮ ಪದ್ಧತಿ. ತೇಪೆ ಹಾಕುವವರಿಗೆ ಕತ್ತರಿಸುವ ಜಾಗ ತಿಳಿಯಲಿ ಅಂತ. ಸುಣ್ಣದ ತುಂಡು ಇನ್ನೂ ನಾನು ಸೀರೆಯ ಮೇಲೆ ತೊಡುವ ಅಂಗಿಯ ಜೇಬಿನಲ್ಲೇ ಇತ್ತು. ಒಂದು ಹಾಳೆಯ ಅಂಚಿನಲ್ಲಿ ಕೂದಲೆಳೆಯಷ್ಟು ಗೆರೆ ಕಂಡಿತು. ಕೈ ತಾನಾಗಿಯೇ ಜೇಬಿಗೆ ಹೋಗಿ, ಗೀರಿ ಬಿಟ್ಟಿತು. ಹಾಳೆ ಮುಂದೆ ಹೋಯಿತು. ಗೂಡಿನೊಳಗಿನ ಕಣ್ಣಿಗೆ ನನ್ನ ಸುಣ್ಣದ ಗೆರೆ ದೊಡ್ಡ ಸೀಳಿನ ಹಾಗೆ ಕಂಡಿರಬೇಕು. ಬಟ್ಟಲುಗಳು ಅದನ್ನು ಎಲ್ಲೂ ಬಿಡದೆ ಹೊತ್ತುಕೊಂಡು ಹೋದವು. ಅಷ್ಟು ದೂರದಲ್ಲಿ ರಿಜೆಕ್ಟಿನ ಮೇಲಿನ ಕೆಂಪು ದೀಪ ಹತ್ತಿತು.

ನೀಲಿ ಸೆರಗು ಬಗ್ಗಿತು. ಹಾಳೆಯ ಅಂಚು ಎತ್ತಿ ನೋಡಿತು. ಬಹಳ ಹೊತ್ತು ಹಾಗೇ ನಿಂತಿತು.

ನನ್ನ ಗೆರೆ ಅವಳಿಗೆ ಗೊತ್ತು. ಎಡಗೈಯಲ್ಲಿ ಗೀರುವವಳು ಕಾರ್ಖಾನೆಗೆ ನಾನೊಬ್ಬಳೇ. ನನ್ನ ಗೆರೆ ಎಲ್ಲರದ್ದಕ್ಕೂ ಉಲ್ಟಾ ವಾಲುತ್ತದೆ.

ಅವಳು ಸೆರಗಿನ ತುದಿಯಿಂದ ಗೆರೆ ಒರೆಸಿ, ಹಾಳೆಯನ್ನು ಗಾಡಿಗೆ ಜಾರಿಸಿದಳು. ನನ್ನ ಕಡೆ ತಿರುಗಿ ನೋಡಲಿಲ್ಲ. ಆದರೂ ಅವತ್ತು ಮನೆಗೆ ಹೋಗಿ ಬಿಸಿಬಿಸಿ ಊಟ ಮಾಡಿದೆ.

ಮಾರನೆಯ ದಿನ ಬೇಕಂತಲೇ ಗೀರಿದೆ. ಚೊಕ್ಕ ಹಾಳೆ, ಒಂದು ಚುಕ್ಕೆ ಇಲ್ಲದ್ದು. ಗೂಡಿನ ಕಣ್ಣಿಗೆ ಕೆಟ್ಟದ್ದಾಗಿ ಕಂಡರೆ ಮಾತ್ರ ಅದು ಅವಳ ಕೈ ಸೇರುವುದು. ಚೆನ್ನಾಗಿದ್ದರೆ ಬೇರೆ ಖಾನೆ. ಆದ್ದರಿಂದ ಗೀರಬೇಕಾಯಿತು. ಬೆಳಗ್ಗೆ ಬಂದ ಕೂಡಲೇ ಒಂದು, ಬಂದಿದ್ದೀನಿ ಅನ್ನುವ ಹಾಗೆ. ಊಟಕ್ಕೆ ಮುಂಚೆ ಒಂದು. ಮನಸ್ಸು ತೀರಾ ಖಾಲಿ ಅನಿಸಿದಾಗ ಒಂದು. ಅಂಥ ದಿನಗಳು ಹೆಚ್ಚಾದ ಹಾಗೆ ಗೆರೆಗಳೂ ಹೆಚ್ಚಾದವು. ಅವಳು ಒಂದನ್ನೂ ಬಿಡದೆ ಒರೆಸಿದಳು, ಗಾಡಿಗೆ ಹಾಕಿದಳು. ಯಾರಿಗೂ ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಇಬ್ಬರೂ ಹಿಡಿದ ಹಾಳೆಯಾಗಿದ್ದರೆ ಅವಳು ತಿರುಗಿ ಜಗ್ಗುತ್ತಿದ್ದಳು. ಬೆಲ್ಟು ಒಂದೇ ಕಡೆಗೆ ಹೋಗುವಂಥದ್ದು.

ರಿಜೆಕ್ಟು ಜಾಸ್ತಿಯಾಗಿದೆ ಅಂತ ಆಫೀಸಿನಿಂದ ಕೂಗು ಬಂತು. ಫಿಟ್ಟರು ಕ್ಯಾಮೆರಾ ಒರೆಸಿದ, ದೀಪ ಬದಲಾಯಿಸಿದ, ಗೂಡಿನೊಳಗೆ ತಲೆ ತೂರಿಸಿ ಮುಖ ಕೆಂಪಗೆ ಮಾಡಿಕೊಂಡ. ಅವನು ಅಲ್ಲಿರುವಾಗ ನಾನು ಗೀರುತ್ತಿರಲಿಲ್ಲ. ಹೋದ ಮೇಲೆ ಗೀರುತ್ತಿದ್ದೆ. ನಿಲ್ಲಿಸಬೇಕು ಅಂತ ದಿನಾ ಅಂದುಕೊಳ್ಳುತ್ತಿದ್ದೆ. ನಿಲ್ಲಿಸಿದರೆ ಅವಳಿಗೂ ನನಗೂ ನಡುವೆ ಇನ್ನೇನೂ ಇಲ್ಲ ಅನ್ನುವುದು ನೆನಪಾಗಿ ಮತ್ತೆ ಕೈ ಜೇಬಿಗೆ ಹೋಗುತ್ತಿತ್ತು.

ಒಂದು ಬೆಳಗ್ಗೆ ಯಂತ್ರ ನಿಲ್ಲಿಸಿದರು. ಮೇಸ್ತ್ರಿ, ಫಿಟ್ಟರು ಇಬ್ಬರೂ ನೆಟ್ಟಗೆ ರಿಜೆಕ್ಟಿನ ಖಾನೆಗೆ ಹೋದರು. ಸದ್ದು ನಿಂತಿದ್ದರಿಂದ ಅವರ ಮಾತು ನನ್ನ ತನಕ ಕೇಳಿಸಿತು.

"ಚಿಕ್ಕಮ್ಮ, ಇದೇನಿದು? ಕನ್ನಡಿ ಥರ ಇರೋ ಹಾಳೆ. ರಿಜೆಕ್ಟಲ್ಲಿ ಏನ್ ಮಾಡ್ತಿದೆ?"

"ನನ್ನ ಕೇಳಿದ್ರೆ? ಅದೇ ತಂದು ಹಾಕ್ತು. ನಾನು ವಾಪಸ್ ಗಾಡಿಗೆ ಹಾಕ್ತಿದೀನಿ, ಕಾಣ್ಸಲ್ವಾ?"

"ಮೆಷಿನ್ನು ಸುಮ್ ಸುಮ್ನೆ ತಂದು ಹಾಕಲ್ಲಮ್ಮ" ಅಂದ ಫಿಟ್ಟರು. "ಎಲ್ಲಾ ಚೆಕ್ ಮಾಡಿದೀನಿ. ನೀವೇ ಒಳ್ಳೇದು ಕೆಟ್ಟದ್ದು ಕಲಸಿ ಹಾಕ್ತಿದೀರ. ವಯಸ್ಸಾಯ್ತಲ್ಲ, ಕಣ್ಣು ಅಷ್ಟಕ್ಕಷ್ಟೇ."

"ಕಣ್ಣಾ? ನೀನು ಗೇಟಲ್ಲಿ ಬರೋವಾಗ್ಲೇ ನಿನ್ನ ಹೊಟ್ಟೆ ಕಾಣಿಸಿತ್ತು ನಂಗೆ. ಆಮೇಲೆ ನೀನು ಬಂದೆ."

ಪಕ್ಕದ ಸಾಲಿನವರು ನಕ್ಕರು. ಮೇಸ್ತ್ರಿ ನಗಲಿಲ್ಲ. "ತಮಾಷೆ ಸಾಕು ಚಿಕ್ಕಮ್ಮ. ಈ ಜಾಗಕ್ಕೆ ಕಣ್ಣು ಚುರುಕಿರೋರು ಬೇಕು ಅಂತಿದಾರೆ ಆಫೀಸಲ್ಲಿ. ನಾಳೆಯಿಂದ ಮನೇಲಿ ಆರಾಮಾಗಿರ್ಲಿ ಅಂದ್ಬಿಟ್ರೆ ನಾನೇನ್ ಹೇಳ್ಲಿ ಅವರಿಗೆ?"

ಅವಳು ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಸುಣ್ಣದ ಧೂಳು ಅವಳ ಸೆರಗಿನ ತುದಿಯಲ್ಲೇ ಇತ್ತು. ತೋರಿಸಿದ್ದರೆ ಮುಗಿಯುತ್ತಿತ್ತು. ಅವಳು ತೋರಿಸಲಿಲ್ಲ. "ಏನಾದ್ರೂ ಹೇಳ್ಕೊಳ್ಳಿ" ಅಂದು ಬಾಯಿ ಮುಚ್ಚಿದಳು. ಅಷ್ಟು ಪಟಪಟ ಬಾಯಿ ನನಗೋಸ್ಕರ ಮುಚ್ಚಿದ್ದು ನೋಡಿ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

ಕೋಲು ಅಲ್ಲೇ ಒರಗಿಸಿ ನಡೆದೆ. ಬೆಲ್ಟಿನ ಪಕ್ಕ, ಗೂಡಿನ ಪಕ್ಕ, ತುಟಿ ಮುಚ್ಚದೆ ನೇತಾಡುತ್ತಿದ್ದ ಬಟ್ಟಲುಗಳ ಪಕ್ಕ. ಮೇಸ್ತ್ರಿಯ ಬೆನ್ನ ಹಿಂದೆ ಹೋಗಿ ನಿಂತೆ. "ಮೇಸ್ತ್ರಿ" ಅಂತ ಸಣ್ಣಗೆ ಅಂದದ್ದು ಅವನಿಗೆ ಕೇಳಲಿಲ್ಲ.

ಕೇಳಿದ್ದು ಅವಳಿಗೆ. ತಿರುಗಿದಳು. "ನೀನ್ಯಾಕ್ ಬಂದೆ ಇಲ್ಲಿಗೆ? ನಿನ್ನ ಜಾಗಕ್ಕೆ ಹೋಗು."

ಶೆಡ್ಡಿನಲ್ಲಿದ್ದವರೆಲ್ಲ ಕೆಲಸ ಬಿಟ್ಟು ನಮ್ಮ ಕಡೆ ತಿರುಗಿದರು. "ನೀವಿಬ್ರೂ ಮಾತಾಡ್ತೀರಾ?" ಅಂದ ಮೇಸ್ತ್ರಿ.

ನಾನು ಜೇಬಿನಿಂದ ಸುಣ್ಣದ ತುಂಡು ತೆಗೆದು ಹಾಳೆಯ ಮೇಲಿಟ್ಟೆ. "ಗೆರೆ ಹಾಕಿದ್ದು ನಾನು. ಸುಣ್ಣ ಕಂಡ್ರೆ ಆ ಕ್ಯಾಮೆರಾ ಸೀಳು ಅಂದ್ಕೊಳ್ಳುತ್ತೆ. ಇವಳ ಕಣ್ಣಲ್ಲಿ ಏನೂ ಐಬಿಲ್ಲ. ದಿನಾ ಇವಳು ಒರೆಸ್ತಿದ್ಲು."

"ಯಾಕ್ ಹಾಕಿದ್ರಿ ಮತ್ತೆ?" ಅಂದ ಫಿಟ್ಟರು. ಕೋಪಕ್ಕಿಂತ ಅವನ ಮುಖದಲ್ಲಿ ಸುಸ್ತು ಹೆಚ್ಚಿತ್ತು.

ಅದಕ್ಕೆ ಇದ್ದ ಉತ್ತರ ಅಷ್ಟು ಜನರ ಮುಂದೆ ಹೇಳುವಂಥದ್ದಲ್ಲ. ಅವಳೇ ಹೇಳಿದಳು. "ಅಭ್ಯಾಸ ಕಣಪ್ಪ. ಮುದುಕಿ ಕೈ, ಕೇಳಲ್ಲ. ಏನ್ ನೇಣು ಹಾಕ್ತೀಯಾ?" ಆಮೇಲೆ ನನ್ನ ಕಡೆ ತಿರುಗಿದಳು. ಇಷ್ಟು ವರ್ಷದ್ದೆಲ್ಲ ಒಟ್ಟಿಗೇ ಬಂತು. "ಒಂದಾ ಎರಡಾ? ಒರೆಸಿ ಒರೆಸಿ ನನ್ನ ತೋಳು ಬಿದ್ದೋಯ್ತು. ಬಾಯಿ ಅನ್ನೋದು ದೇವರು ಯಾಕೆ ಕೊಟ್ಟಿದ್ದು ನಿಂಗೆ, ಆಕಳಿಸೋಕಾ? ಊಟದ ಹೊತ್ತಲ್ಲಿ ಬಂದು ಪಕ್ಕದಲ್ಲಿ ಕೂತ್ಕೋಬಾರ್ದಿತ್ತಾ?"

"ನೀನು ಎದ್ದು ಹೋದ್ರೆ ಅಂತ."

"ಹೋಗ್ತಿದ್ದೆ. ಮೊದಲನೇ ದಿನ ಎದ್ದು ಹೋಗ್ತಿದ್ದೆ. ಮಾರನೇ ದಿನ ಕೂತಿರ್ತಿದ್ದೆ. ಅಷ್ಟೂ ಗೊತ್ತಾಗಲ್ವಾ ಅಕ್ಕ ನಿಂಗೆ?"

ಅಕ್ಕ ಅಂದಳು. ನಾನು ತಲೆ ತಗ್ಗಿಸಿ ಬೈಸಿಕೊಂಡೆ. ಅಷ್ಟು ಹಿತವಾಗಿ ಬೈಸಿಕೊಂಡದ್ದು ಅದೊಂದೇ ಸಲ.

ಮೇಸ್ತ್ರಿ ಒಳ್ಳೆಯವನು. ಸುಣ್ಣದ ತುಂಡನ್ನು ಕಿತ್ತುಕೊಂಡ, ಆಫೀಸಿನಲ್ಲಿ ಏನೋ ಹೇಳಿ ಮುಚ್ಚಿಹಾಕಿದ. ನನ್ನ ಕೆಲಸ ಉಳಿಯಿತು, ಅವಳದೂ ಉಳಿಯಿತು. ಅವತ್ತು ಊಟಕ್ಕೆ ಅವಳ ಪಕ್ಕದಲ್ಲಿ ಕೂತೆ. "ಬಿಸಿಲು ಜಾಸ್ತಿ" ಅಂದೆ. "ಹೂಂ, ಜಾಸ್ತಿ" ಅಂದಳು. ಡಬ್ಬಿ ಮುಚ್ಚಿದೆವು. ನಾಳೆ ಸರಿಯಾಗಿ ಮಾತಾಡಿದರಾಯಿತು ಅಂದುಕೊಂಡೆ. ಇನ್ನೇನು ಅವಸರ?

ಆದರೆ ಗೆರೆ ನಿಂತ ಮೇಲೆ ರಿಜೆಕ್ಟಿನ ಖಾನೆಗೆ ಹಾಳೆ ಬೀಳುವುದೇ ಅಪರೂಪವಾಯಿತು. ಕೆಂಪು ದೀಪ ಆಗೊಮ್ಮೆ ಈಗೊಮ್ಮೆ ಹತ್ತುತ್ತಿತ್ತು, ಬಿದ್ದದ್ದು ನಿಜಕ್ಕೂ ಕೆಟ್ಟದ್ದೇ ಆಗಿರುತ್ತಿತ್ತು. ಫಿಟ್ಟರು ಮೀಸೆ ತಿರುವಿದ. ಇದಕ್ಕೆ ಒಬ್ಬರು ಕಾವಲು ಯಾಕೆ, ನೆಟ್ಟಗೆ ಬಾಯ್ಲರಿಗೆ ಹೋಗಲಿ ಅಂತ ಆಫೀಸಿನವರು ಅಂದರು. ಅಷ್ಟು ದಿನ ಆ ಜಾಗಕ್ಕೆ ಕೆಲಸ ಹುಟ್ಟಿಸುತ್ತಿದ್ದದ್ದು ನನ್ನ ಸುಣ್ಣವೇ ಅಂತ ಆಗ ನನಗೆ ಹೊಳೆಯಿತು. ಅವಳನ್ನು ಹಿಂದಿನ ಶೆಡ್ಡಿಗೆ, ಅಂಟು ಹಚ್ಚುವಲ್ಲಿಗೆ ಹಾಕಿದರು. ಅಲ್ಲಿ ರಾತ್ರಿ ಪಾಳಿ. ನಾನು ಹೊರಡುವಾಗ ಅವಳು ಬರುತ್ತಾಳೆ, ಅವಳು ಹೊರಡುವಾಗ ನಾನು ಬರುತ್ತೇನೆ.

ಮಾತು ಬಂತು, ಆಡುವ ಹೊತ್ತು ಹೋಯಿತು.

ಈಗ ಗೇಟಿನಲ್ಲಿ ಸಿಗುತ್ತೇವೆ. ಜನ ಒಳಗೆ ನುಗ್ಗುತ್ತಾರೆ, ಜನ ಹೊರಗೆ ನುಗ್ಗುತ್ತಾರೆ, ನಡುವೆ ನಾವು. ಅವಳು ನಿಲ್ಲದೆ ಏನಾದರೊಂದು ಎಸೆದು ಹೋಗುತ್ತಾಳೆ. "ಚಪ್ಪಲಿ ಸವೆದಿದೆ, ಬೇರೆ ತಗೋ." "ಕೆಮ್ಮಿಗೆ ತೋರಿಸಿದ್ಯಾ?" ಒಂದು ಸಂಜೆ, "ಮೊಣಕಾಲಿಗೆ ಎಣ್ಣೆ ಹಚ್ತಿದೀಯಾ?" ಅಂದಳು. ಮೊಣಕಾಲು ನೋವು ಅಂತ ನಾನು ಒಬ್ಬರಿಗೂ ಹೇಳಿದವಳಲ್ಲ. ಜನರ ತಲೆಗಳ ಮೇಲಿಂದ ಕೂಗಿದೆ, "ನಿಂಗ್ಯಾರು ಹೇಳಿದ್ರು?" ಅವಳು ಆಗಲೇ ಒಳಗೆ ಹೋಗಿದ್ದಳು. ಅಲ್ಲಿಂದಲೇ ಕೂಗಿದಳು, "ನಿನ್ನ ಕಡೆ ಹಾಳೆ ಎಡಕ್ಕೆ ವಾಲ್ತಿತ್ತಲ್ಲ, ಎಷ್ಟು ವರ್ಷದಿಂದ!"

ರಜೆಯ ದಿನ ಮನೆಯಲ್ಲಿ ಕೂತಿದ್ದೆ. ಅವಳು ಪಾಳಿ ಮುಗಿಸಿ ಬಂದ ಸದ್ದು ಗೋಡೆಯಾಚೆ ಕೇಳಿಸಿತ್ತು. ಹೋಗಬೇಕು ಅನಿಸಿತು. ನಿದ್ದೆ ಕೆಡಿಸಿದ ಹಾಗಾಗುತ್ತದೆ ಅನಿಸಿತು. ಎದ್ದೆ, ಕೂತೆ, ಮತ್ತೆ ಎದ್ದೆ. ಗೋಡೆ ಎದ್ದ ಮೇಲೆ ಅವಳ ಬಾಗಿಲಿಗೆ ಹೋದದ್ದೇ ಇಲ್ಲ. ನನ್ನ ಬಾಗಿಲಿನಿಂದ ಅಲ್ಲಿಗೆ ಇರುವುದು ಜಗಲಿಯ ಒಂದು ಕಂಬ ದಾಟುವಷ್ಟು ದೂರ. ಹೋಗಿ ನಿಂತೆ. ತಟ್ಟುವುದಕ್ಕೆ ಕೈ ಎತ್ತಿ ಇಳಿಸಿದೆ. ಆಮೇಲೆ ಬರೋಣ ಅಂತ ತಿರುಗುವಷ್ಟರಲ್ಲಿ ಒಳಗಿನಿಂದ ಧ್ವನಿ.

"ಯಾರದು?"

"ನಾನು."

"ನಾನು ಅಂದ್ರೆ ಯಾರು? ಹೆಸರಿಲ್ವಾ?"

"ನಾನೇ ಕಣೆ. ಅಕ್ಕ."

"ಗೊತ್ತು. ಸುಮ್ನೆ ಕೇಳ್ದೆ. ಜೋರಾಗಿ ತಳ್ಳು, ಬಾಗಿಲು ಕೆಳಗೆ ಕಚ್ಕೊಳ್ಳುತ್ತೆ."

ತಳ್ಳಿದೆ. ಅವಳು ಚಾಪೆಯ ಮೇಲೆ ಮಲಗಿದ್ದಳು, ಬೆರಳ ತುದಿಗಳಲ್ಲಿ ಅಂಟು ಒಣಗಿ ಬೆಳ್ಳಗಾಗಿತ್ತು. ಏಳಲಿಲ್ಲ. ಗೋಡೆಯ ಕಡೆ ಒಂದಿಷ್ಟು ಸರಿದು ಜಾಗ ಮಾಡಿದಳು. ಕೂತೆ. ಮಗಳು ಬಸುರಿಯಂತೆ ಅಂದಳು. ಅಂಟಿನ ವಾಸನೆಗೆ ಊಟ ಸೇರುವುದಿಲ್ಲ ಅಂದಳು. ಆ ಶೆಡ್ಡಿನ ಮೇಸ್ತ್ರಿಗೆ ಎಂಜಲು ಹಾರಿಸದೆ ಮಾತಾಡಲು ಬರುವುದಿಲ್ಲ, ಅಂಟಿಗಿಂತ ಅದೇ ಹೆಚ್ಚು ಅಂದಳು. ನಾನು ಹೂಂ, ಹೂಂ ಅಂದೆ. ಹೇಳುತ್ತ ಹೇಳುತ್ತಲೇ ಒಂದು ಮಾತಿನ ನಡುವೆ ಅವಳಿಗೆ ನಿದ್ದೆ ಹತ್ತಿತು.

ಎಬ್ಬಿಸಲಿಲ್ಲ. ಮಾತಿನ ಉಳಿದರ್ಧ ಏನಿರಬಹುದು ಅಂತ ಯೋಚಿಸುತ್ತ, ಅವಳು ಏಳುವ ತನಕ ಅಲ್ಲೇ ಕೂತಿದ್ದೆ.